ಫೋನಿಗೆ ಯಾರ ಬೆರಳು ಗೊತ್ತು, ಯಾರ ಮಾತು ತಿಳಿಯುತ್ತದೆ?

ಮಂಡ್ಯ ಕಡೆಯ ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸುವ ಹೊತ್ತು. ಪಾಕದ ಪಕ್ಕ ನಿಂತವರ ಕೈಗೆ ಬೆಲ್ಲದ ಅಂಟು, ಒಲೆಯ ಬೂದಿ, ಬೆವರು ಎಲ್ಲ ಮೆತ್ತಿರುತ್ತದೆ. ಆಗಲೇ ಮಂಡಿಯಿಂದ ಫೋನ್ ಬರುತ್ತದೆ, ಇವತ್ತಿನ ರೇಟು ಹೇಳೋಕೆ. ಹಸಿರು ಗುಂಡಿ ಎಳೆದರೆ ಬರುವುದಿಲ್ಲ. ಪಂಚೆಗೆ ಕೈ ಒರೆಸಿ ಮತ್ತೆ ಎಳೆದರೆ ಅರ್ಧಕ್ಕೆ ಹೋಗಿ ವಾಪಸ್ ಬರುತ್ತದೆ. ಬೆರಳ ಗೆಣ್ಣಿನಲ್ಲಿ ಒಂದು ಸಲ, ಹೆಬ್ಬೆರಳಿನಲ್ಲಿ ಇನ್ನೊಂದು ಸಲ. ಅಷ್ಟರಲ್ಲಿ ರಿಂಗ್ ನಿಂತೇ ಹೋಗುತ್ತದೆ. ‘ಈ ಫೋನ್ ಸರಿ ಇಲ್ಲ ಕಣ್ಲಾ’ ಅಂತ ಬೈದುಕೊಂಡು ಜೇಬಿಗೆ ಹಾಕಿಕೊಳ್ಳುತ್ತಾರೆ.

ಫೋನ್ ಸರಿಯಾಗೇ ಇದೆ. ಅದನ್ನೇ ಮೈಸೂರಿನ ಯಾವುದೋ ಏಸಿ ಆಫೀಸಿನಲ್ಲಿ ಕೂತವರ ಕೈಗೆ ಕೊಟ್ಟರೆ ಒಂದೇ ಎಳೆತಕ್ಕೆ ಕರೆ ತೆಗೆಯುತ್ತದೆ.

ಫೋನು, ವಾಚು ಬಳಸುವವರಿಗೆ ಇನ್ನಷ್ಟು ಚೆನ್ನಾಗಿ ಸ್ಪಂದಿಸಬೇಕು ಅನ್ನುವುದು ಈಗ ಎಲ್ಲ ಕಂಪನಿಗಳ ಮಾತು. ಜಾಹೀರಾತು ನೋಡಿದರೆ ಸ್ಪಂದನೆ ಅಂದರೆ ಬರೀ ವೇಗ. 120 ಹರ್ಟ್ಸ್ ಸ್ಕ್ರೀನ್, ಹೊಸ ಚಿಪ್, ಜಾಸ್ತಿ ಮೆಮೊರಿ. ನನಗೇನೋ ವೇಗದ ಸಮಸ್ಯೆ ಬಹುಪಾಲು ಬಗೆಹರಿದಿದೆ ಅನ್ನಿಸುತ್ತದೆ. ಯಾರ ಕೈ, ಯಾರ ಮೈ, ಯಾರ ಮಾತನ್ನು ಎದುರಿಗಿಟ್ಟುಕೊಂಡು ಈ ಸಾಧನಗಳನ್ನು ಹದ ಮಾಡಿದ್ದಾರೆ ಅನ್ನುವ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ.

ಮೊದಲು ವೇಗದ ಲೆಕ್ಕ ಮುಗಿಸಿಬಿಡೋಣ. ಮನುಷ್ಯ ಎಷ್ಟು ಹೊತ್ತು ಕಾಯಬಲ್ಲ ಅನ್ನುವುದರ ಬಗ್ಗೆ ಐಬಿಎಂನ ರಾಬರ್ಟ್ ಮಿಲ್ಲರ್ 1968ರಲ್ಲೇ ಬರೆದಿದ್ದರು. ಆಮೇಲೆ 1993ರಲ್ಲಿ ಬಳಸೋಕೆ ಸುಲಭವಾದ ವಿನ್ಯಾಸದ ಪರಿಣತ ಯಾಕೋಬ್ ನೀಲ್ಸನ್ ಅದನ್ನು ಎಲ್ಲರ ಬಾಯಿಗೆ ಬರುವಂತೆ ಮಾಡಿದರು. ಒತ್ತಿದ 0.1 ಸೆಕೆಂಡಿನೊಳಗೆ ಏನಾದರೂ ಕಂಡರೆ ಕೂಡಲೇ ಆಯಿತು ಅನ್ನಿಸುತ್ತದೆ. 1 ಸೆಕೆಂಡ್ ಆದರೆ ತಡವಾದದ್ದು ಗೊತ್ತಾಗುತ್ತದೆ, ಆದರೂ ಯೋಚನೆಯ ಎಳೆ ತಪ್ಪುವುದಿಲ್ಲ. 10 ಸೆಕೆಂಡ್ ದಾಟಿದರೆ ಗಮನ ಬೇರೆ ಕಡೆ ಹೋಗುತ್ತದೆ. ಈಗ ಸ್ಕ್ರೀನ್ ಲೆಕ್ಕ ನೋಡಿ. 60 ಹರ್ಟ್ಸ್ ಸ್ಕ್ರೀನ್ 16.7 ಮಿಲಿಸೆಕೆಂಡಿಗೆ ಒಂದು ಹೊಸ ಚಿತ್ರ ತೋರಿಸುತ್ತದೆ, 120 ಹರ್ಟ್ಸ್ ಆದರೆ 8.3ಕ್ಕೆ ಒಂದು. 2012ರಲ್ಲಿ ಆಂಡ್ರಾಯ್ಡ್ 4.1 ಬಂದಾಗ ಗೂಗಲ್ ‘ಪ್ರಾಜೆಕ್ಟ್ ಬಟರ್’ ಅಂತ ಹೆಸರಿಟ್ಟು ಇದರ ಹಿಂದೆ ಬಿದ್ದಿತ್ತು. ಬೆರಳು ತಾಗಿದ ಕೂಡಲೇ ಪ್ರೊಸೆಸರ್ ಚುರುಕಾಗುವ ಹಾಗೆ ಆಗಲೇ ಮಾಡಿದರು.

ಹಾಗಿದ್ದೂ ಕಡಿಮೆ ಬೆಲೆಯ ಫೋನ್ ಎರಡು ವರ್ಷಕ್ಕೆ ತೆವಳೋಕೆ ಶುರು ಮಾಡುತ್ತದೆ, ಯಾಕೆ? ಸ್ಟೋರೇಜ್ ತುಂಬಿಹೋಗಿರುತ್ತದೆ. ಮೆಮೊರಿ ಸಾಲದೆ ಹಿಂದೆ ತೆರೆದಿದ್ದ ಆ್ಯಪ್‌ಗಳನ್ನು ಫೋನ್ ತಾನೇ ಮುಚ್ಚಿರುತ್ತದೆ, ಹಾಗಾಗಿ ಪ್ರತಿ ಸಲವೂ ಮೊದಲಿನಿಂದ ತೆರೆಯಬೇಕು. ಅಲ್ಲಿ 120 ಹರ್ಟ್ಸ್ ಏನೂ ಮಾಡಲಾರದು. ಆ್ಯಪ್ ಒಂದು ಬೆರಳಿನ ಒತ್ತಿಗೆ 5 ಸೆಕೆಂಡ್ ಉತ್ತರ ಕೊಡದಿದ್ದರೆ ಮಾತ್ರ ಆಂಡ್ರಾಯ್ಡ್ ಮಧ್ಯೆ ಬಂದು ‘ಆ್ಯಪ್ ಪ್ರತಿಕ್ರಿಯಿಸುತ್ತಿಲ್ಲ’ ಅನ್ನುತ್ತದೆ. ಆ 5 ಸೆಕೆಂಡಿನಲ್ಲಿ ನಾವು ಹತ್ತು ಸಲ ಒತ್ತಿ ಆಗಿರುತ್ತದೆ, ಅಲ್ವಾ?

ಒತ್ತಿದ್ದು ತಲುಪಿತಾ ಇಲ್ಲವಾ ಅನ್ನುವ ಈ ಅನುಮಾನವೇ ದೊಡ್ಡ ಕಾಟ. ಹಣದ ವಿಷಯದಲ್ಲಂತೂ ಜೀವ ಬಾಯಿಗೆ ಬರುತ್ತದೆ. ಯುಪಿಐನಲ್ಲಿ ದುಡ್ಡು ಕಳಿಸಿ, ಚಕ್ರ ಸುತ್ತುತ್ತಾ ನಿಂತರೆ ಮತ್ತೊಮ್ಮೆ ಕಳಿಸಲಾ ಬೇಡವಾ ಅನ್ನುವುದೇ ಗೊತ್ತಾಗುವುದಿಲ್ಲ. 2025ರ ಜೂನ್ 16ರಿಂದ, ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಹಣ ಕಳಿಸುವ ವ್ಯವಹಾರಕ್ಕೆ ಬ್ಯಾಂಕುಗಳು ಉತ್ತರ ಕೊಡಬೇಕಾದ ಗಡುವನ್ನು 30 ಸೆಕೆಂಡಿನಿಂದ 15ಕ್ಕೆ ಇಳಿಸಿತು. ವ್ಯವಹಾರ ಏನಾಯಿತು ಅಂತ ವಿಚಾರಿಸುವುದಕ್ಕೆ 10 ಸೆಕೆಂಡ್. ಫೋನ್ ಬದಲಿಸದೆ, ಹಿಂದಿನ ನಿಯಮ ಬದಲಿಸಿ ಫೋನನ್ನು ಚುರುಕು ಮಾಡಿದ ಕೆಲಸ ಇದು.

ಇನ್ನೊಂದು ಉತ್ತರ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋದರೆ ಕಿವಿಗೆ ಬೀಳುತ್ತದೆ. ಹೂ ಕಟ್ಟುತ್ತಾ ಕೂತ ಅಮ್ಮನ ಎರಡು ಕೈಯೂ ದಾರದಲ್ಲಿರುತ್ತವೆ. ಗಿರಾಕಿ ಸ್ಕ್ಯಾನ್ ಮಾಡುತ್ತಾರೆ, ಪಕ್ಕದ ಡಬ್ಬಿ ಎಷ್ಟು ರೂಪಾಯಿ ಬಂತು ಅಂತ ಕನ್ನಡದಲ್ಲಿ ಕೂಗುತ್ತದೆ, ಅವರು ತಲೆಯೂ ಎತ್ತದೆ ಮೊಳ ಹಾಕಿ ಕೊಡುತ್ತಾರೆ. ಆ ಡಬ್ಬಿಯಲ್ಲಿ ಇರುವುದು ಒಂದು ಸಿಮ್, ಒಂದು ಸ್ಪೀಕರ್, ಬ್ಯಾಟರಿ, ಅಷ್ಟೇ. ದುಡ್ಡು ಬಂದಾಗ ಮುಟ್ಟಬೇಕಾದ್ದು ಏನೂ ಇಲ್ಲ. ಬಳಸುವವರ ಕೈ ಖಾಲಿ ಇರುವುದಿಲ್ಲ, ಕಣ್ಣು ಬೇರೆ ಕಡೆ ಇರುತ್ತದೆ ಅಂತ ಮೊದಲೇ ಒಪ್ಪಿಕೊಂಡು ಮಾಡಿದ ಸಾಧನ ಅದು. ನಾನು ನೋಡಿದ ಹಾಗೆ ನಮ್ಮ ಕಡೆಯ ಜನಕ್ಕೆ ಅತಿ ಚೆನ್ನಾಗಿ ಸ್ಪಂದಿಸುವ ಯಂತ್ರ ಇದೇ.

ಈಗ ಆ ಆಲೆಮನೆಯ ಕೈ ವಿಷಯ. ಇವತ್ತಿನ ಟಚ್ ಸ್ಕ್ರೀನಿಗೆ ಎಷ್ಟು ಜೋರಾಗಿ ಒತ್ತಿದಿರಿ ಅನ್ನುವುದು ಮುಖ್ಯವೇ ಅಲ್ಲ. ಗಾಜಿನ ಕೆಳಗೆ ಕಣ್ಣಿಗೆ ಕಾಣದ ವಿದ್ಯುತ್ ಗೆರೆಗಳು ಅಡ್ಡಡ್ಡ, ಉದ್ದುದ್ದ ಹಾದಿರುತ್ತವೆ. ಬಹಳಷ್ಟು ಸ್ಕ್ರೀನುಗಳಲ್ಲಿ ಇವನ್ನು ಇಂಡಿಯಂ ಟಿನ್ ಆಕ್ಸೈಡ್ ಅನ್ನುವ ಪಾರದರ್ಶಕ ವಸ್ತುವಿನಿಂದ ಮಾಡುತ್ತಾರೆ. ಗೆರೆಗಳು ಒಂದನ್ನೊಂದು ದಾಟುವ ಜಾಗದಲ್ಲಿ ಚೂರೇ ಚೂರು ವಿದ್ಯುತ್ ಹಿಡಿದಿಟ್ಟಿರುತ್ತದೆ. ನಮ್ಮ ಮೈಯಲ್ಲಿ ನೀರು, ಉಪ್ಪು ಇರುವುದರಿಂದ ಬೆರಳಿನಲ್ಲೂ ವಿದ್ಯುತ್ ಹರಿಯುತ್ತದೆ. ಬೆರಳು ಹತ್ತಿರ ಬಂದರೆ ಆ ಜಾಗದ ಅಳತೆ ಸ್ವಲ್ಪ ಬದಲಾಗುತ್ತದೆ. ಇಡೀ ಜಾಲವನ್ನು ಸೆಕೆಂಡಿಗೆ ಹತ್ತಾರು, ಈಚಿನ ಫೋನುಗಳಲ್ಲಿ ನೂರಾರು ಸಲ ಅಳೆಯುತ್ತಾ ಕೂರುವ ಚಿಪ್ ಒಂದಿದೆ. ಬದಲಾವಣೆ ಒಂದು ಗಡಿ ದಾಟಿದರೆ ಬೆರಳು ಬಂತು ಅನ್ನುತ್ತದೆ. ದಾಟದಿದ್ದರೆ ಕಸ ಅಂತ ಬಿಟ್ಟುಬಿಡುತ್ತದೆ. ಕಥೆಯೆಲ್ಲ ಇರುವುದು ಆ ಗಡಿಯನ್ನು ಎಲ್ಲಿ ಇಟ್ಟಿದ್ದಾರೆ ಅನ್ನುವುದರಲ್ಲಿ.

ಕುಡುಗೋಲು, ಗುದ್ದಲಿ ಹಿಡಿದು ಜಡ್ಡುಗಟ್ಟಿದ ಬೆರಳಿನ ತುದಿಯ ಚರ್ಮ ದಪ್ಪ, ಒಣಕಲು. ಅದರಲ್ಲಿ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ, ಜೀವಂತ ಚರ್ಮ ಗಾಜಿನಿಂದ ಅಷ್ಟು ದೂರ ಉಳಿಯುತ್ತದೆ. ಅಳತೆ ಗಡಿ ಮುಟ್ಟುವುದಿಲ್ಲ. ಒದ್ದೆ ಕೈಯ ಕಷ್ಟ ಇದಕ್ಕೆ ತಿರುಗುಮುರುಗು. ನೀರಿನ ಹನಿಯಲ್ಲೂ ವಿದ್ಯುತ್ ಹರಿಯುತ್ತದೆ, ಹಾಗಾಗಿ ಚಿಪ್‌ಗೆ ಒಂದು ಬೆರಳಿನ ಬದಲು ನಾಲ್ಕು ಕಂಡ ಹಾಗಾಗುತ್ತದೆ. ಕೆಲವು ಸಲ ಗೊಂದಲವಾಗಿ ಎಲ್ಲವನ್ನೂ ಬಿಟ್ಟುಬಿಡುತ್ತದೆ. ಇದರ ಮೇಲೆ ಸಯ್ಯಾಜಿರಾವ್ ರಸ್ತೆಯಲ್ಲಿ ಹಾಕಿಸಿಕೊಂಡ ದಪ್ಪ ಟೆಂಪರ್ಡ್ ಗ್ಲಾಸ್ ಬೇರೆ. ಬೆರಳು ಇನ್ನಷ್ಟು ದೂರ. ಅಗ್ಗದ ಚಾರ್ಜರ್‌ಗೆ ಹಾಕಿದಾಗ ಸ್ಕ್ರೀನ್ ತಾನೇ ತಾನಾಗಿ ಕುಣಿಯುವುದನ್ನು ಎಲ್ಲರೂ ನೋಡಿದ್ದೇವೆ. ಆ ಚಾರ್ಜರ್ ಕಳಿಸುವ ಕರೆಂಟು ಶುದ್ಧವಾಗಿರುವುದಿಲ್ಲ, ಅದರ ಗದ್ದಲದಲ್ಲಿ ಬೆರಳಿನ ಸಣ್ಣ ಸೂಚನೆ ಹುಡುಕುವುದು ಸಂತೆಯಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ.

ಇದಕ್ಕೆಲ್ಲ ಪರಿಹಾರ ಗೊತ್ತಿಲ್ಲ ಅಂತಲ್ಲ. ನೀರಿನ ಸಮಸ್ಯೆಗೆ ಚಿಪ್ ಎರಡು ರೀತಿ ಅಳೆಯಬಹುದು. ಒಂದೊಂದು ಗೆರೆಯನ್ನೂ ಬೇರೆಯಾಗಿ ಒಂದು ಸಲ, ಎರಡು ಗೆರೆಗಳ ನಡುವೆ ಇನ್ನೊಂದು ಸಲ. ನೀರಿನ ಹನಿ ಒಂದರಲ್ಲಿ ಎದ್ದು ಕಂಡರೂ ಇನ್ನೊಂದರಲ್ಲಿ ಅಷ್ಟಾಗಿ ಕಾಣುವುದಿಲ್ಲ. ಎರಡನ್ನೂ ತಾಳೆ ನೋಡಿದರೆ ಬೆರಳು ಯಾವುದು, ನೀರು ಯಾವುದು ಅಂತ ಬಿಡಿಸಬಹುದು. ಈಚಿನ ಕೆಲವು ಫೋನುಗಳು ಮಳೆಯಲ್ಲೂ ಟಚ್ ಕೆಲಸ ಮಾಡುತ್ತದೆ ಅಂತ ಹೇಳಿಕೊಳ್ಳುವುದಕ್ಕೆ ಇಂಥ ತಂತ್ರಗಳೇ ಕಾರಣ.

ಜಡ್ಡಿನ ಕೈಯ ಕಥೆ ಇನ್ನೂ ಸ್ವಾರಸ್ಯ. 2012ರಲ್ಲೇ ನೋಕಿಯಾದ ಲೂಮಿಯಾ 920 ಕೈಗೆ ಗ್ಲೌಸ್ ಹಾಕಿಕೊಂಡರೂ ಟಚ್ ಆಗುತ್ತಿತ್ತು. ಫಿನ್ಲೆಂಡಿನ ಕಂಪನಿ ಅದು. ಅಲ್ಲಿ ವರ್ಷದಲ್ಲಿ ತಿಂಗಳುಗಟ್ಟಲೆ ಕೈ ಉಣ್ಣೆಯೊಳಗೇ ಇರುತ್ತದೆ. ಗಡಿಯನ್ನು ಕೆಳಗಿಳಿಸಿ, ಗದ್ದಲವನ್ನು ಚೆನ್ನಾಗಿ ಸೋಸಿದರೆ ಉಣ್ಣೆಯ ಆಚೆಯ ಬೆರಳೂ ಸಿಗುತ್ತದೆ. ಉಣ್ಣೆಯ ಆಚೆಯ ಬೆರಳು ಸಿಕ್ಕ ಮೇಲೆ ಜಡ್ಡಿನ ಆಚೆಯ ಬೆರಳಿಗೂ ಅದರಿಂದ ಉಪಕಾರ ಆಗಲೇಬೇಕಲ್ಲ. ಆದರೆ ಈ ಸೌಲಭ್ಯ ಇವತ್ತಿಗೂ ‘ಗ್ಲೌಸ್ ಮೋಡ್’ ಅಥವಾ ‘ಟಚ್ ಸೆನ್ಸಿಟಿವಿಟಿ’ ಅನ್ನುವ ಹೆಸರಿನಲ್ಲಿ, ಸೆಟ್ಟಿಂಗ್ಸ್‌ನ ಯಾವುದೋ ಮೂಲೆಯಲ್ಲಿ ಕೂತಿರುತ್ತದೆ. ಎಷ್ಟೋ ಫೋನುಗಳಲ್ಲಿ ಇರುವುದೇ ಇಲ್ಲ. ನಾಗಮಂಗಲದಲ್ಲಿ ಗ್ಲೌಸ್ ಹಾಕಿಕೊಂಡು ಯಾರು ಫೋನ್ ಒತ್ತುತ್ತಾರೆ ಹೇಳಿ? ಹಾಗಾಗಿ ಯಾರೂ ಅದನ್ನು ತೆರೆದು ನೋಡುವುದಿಲ್ಲ. ಚಳಿ ದೇಶದ ಗಿರಾಕಿ ಗೊಣಗಿದ್ದು ಕಂಪನಿಗೆ ಕೇಳಿಸಿತು, ಕಬ್ಬು ಕಡಿಯುವವರು ಗೊಣಗಿದ್ದು ಕೇಳಿಸಲಿಲ್ಲ.

ಗಡಿ ಇಳಿಸಿದರೆ ನಷ್ಟವೂ ಇದೆ ಅನ್ನುವುದನ್ನು ಹೇಳಬೇಕು. ಜೇಬಿನಲ್ಲಿದ್ದಾಗಲೇ ಯಾರಿಗೋ ಫೋನ್ ಹೋಗುವುದು, ಗುಂಡಿ ಮುಟ್ಟುವ ಮೊದಲೇ ಒತ್ತಿದ ಹಾಗಾಗುವುದು, ಇವು ಜಾಸ್ತಿಯಾಗಬಹುದು. ಹಾಗಂತ ಎಲ್ಲರಿಗೂ ಒಂದೇ ಗಡಿ ಇಡಬೇಕಾ? ಫೋನ್ ಮೊದಲ ದಿನವೇ ಬೆರಳಚ್ಚು ನೋಂದಾಯಿಸಿಕೊಳ್ಳುತ್ತದೆ, ಮುಖ ನೋಂದಾಯಿಸಿಕೊಳ್ಳುತ್ತದೆ. ಬೆರಳು ಎಷ್ಟು ಒಣಗಿದೆ ಅನ್ನುವುದನ್ನೂ ಆಗಲೇ ನೋಡಿಕೊಂಡರೆ ಆಗದ ಕೆಲಸವೇನಲ್ಲ.

ಬೆರಳಚ್ಚಿನ ಮಾತು ಬಂತಲ್ಲ. ರೇಷ್ಮೆ ನೂಲು ಬಿಚ್ಚುವವರ ಕೈ ದಿನವಿಡೀ ಬಿಸಿನೀರಿನಲ್ಲಿ ಇರುತ್ತದೆ. ಬೆರಳಿನ ಗೆರೆ ಸವೆದವರಿಗೆ ಪಡಿತರ ಅಂಗಡಿಯ ಯಂತ್ರದ ಮುಂದೆ ಆಗುವ ಪಾಡು ಹೊಸದಲ್ಲ. ಪಿಎಂ ಕಿಸಾನ್ ಆ್ಯಪ್‌ಗೆ 2023ರ ಜೂನ್‌ನಲ್ಲಿ ಮುಖ ತೋರಿಸಿ ದೃಢೀಕರಿಸುವ ವ್ಯವಸ್ಥೆ ಸೇರಿಸಿದರು. ಬೆರಳು ಒಪ್ಪದಿದ್ದರೆ ಇನ್ನೊಂದು ದಾರಿ ಇಟ್ಟಿದ್ದು ಒಳ್ಳೆಯದೇ. ಸ್ಪಂದಿಸುವ ಸಾಧನಕ್ಕೆ ಎರಡನೆಯ ದಾರಿ ಇರಲೇಬೇಕು.

ವಾಚಿಗೆ ಬರೋಣ. ಹಿಂಬದಿಯಲ್ಲಿ ಹಸಿರು ದೀಪ ಮಿನುಗುವುದನ್ನು ನೋಡಿರುತ್ತೀರಿ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಎದೆ ಬಡಿದಾಗಲೆಲ್ಲ ಮಣಿಕಟ್ಟಿನಲ್ಲಿ ರಕ್ತ ಹೆಚ್ಚಾಗುತ್ತದೆ, ವಾಪಸ್ ಬರುವ ಬೆಳಕು ಕಡಿಮೆಯಾಗುತ್ತದೆ. ಆ ಏರಿಳಿತ ಎಣಿಸಿದರೆ ನಾಡಿ ಸಿಕ್ಕಿತು. ಆದರೆ ಚರ್ಮ ಕಪ್ಪಿದ್ದಷ್ಟೂ ಆ ಬೆಳಕನ್ನು ಚರ್ಮವೇ ಜಾಸ್ತಿ ನುಂಗುತ್ತದೆ. ಬಳೆ ತೊಟ್ಟ ಕೈಯಲ್ಲಿ ವಾಚು ಸರಿದಾಡಿ ಹೊರಗಿನ ಬೆಳಕು ಒಳಗೆ ನುಗ್ಗುತ್ತದೆ. ಹಚ್ಚೆ ಇದ್ದರೆ ಇನ್ನೂ ಕಷ್ಟ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಬಗ್ಗೆ 2020ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಆಮ್ಲಜನಕ ಕಡಿಮೆಯಾದದ್ದನ್ನು ಅದು ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಸಲ ಗುರುತಿಸದೆ ಬಿಟ್ಟಿತ್ತು. ಆಸ್ಪತ್ರೆಯ ಸಾಧನದ ಗತಿಯೇ ಹೀಗೆ. ಸಾವಿರದ ಐನೂರು ರೂಪಾಯಿಯ ವಾಚನ್ನು ಎಷ್ಟು ನಂಬಬೇಕು ನೀವೇ ಲೆಕ್ಕ ಹಾಕಿ.

ಹೆಜ್ಜೆ ಎಣಿಕೆಯೂ ಹಾಗೇ. ವಾಚಿನೊಳಗಿನ ಸೆನ್ಸಾರ್ ಕೈಯ ಅಲುಗಾಟದಲ್ಲಿ ಒಂದು ಲಯ ಹುಡುಕುತ್ತದೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ಕೈ ಬೀಸಿ ನಡೆಯುವವರ ಲೆಕ್ಕ ಸರಿಯಾಗಿಯೇ ಬರುತ್ತದೆ. ಆಷಾಢದಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಹೆಂಗಸರನ್ನು ನೋಡಿ. ಬಗ್ಗಿ, ಒಂದು ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚಿ, ಎದ್ದು, ಒಂದು ಹೆಜ್ಜೆ ಮೇಲೆ ಹೋಗಿ ಮತ್ತೆ ಬಗ್ಗುತ್ತಾರೆ. ಹೀಗೇ ಸಾವಿರ ಮೆಟ್ಟಿಲು. ಇದಕ್ಕಿಂತ ದೊಡ್ಡ ವ್ಯಾಯಾಮ ಯಾವ ಜಿಮ್ಮಿನಲ್ಲೂ ಸಿಗುವುದಿಲ್ಲ. ವಾಚಿನ ಪಟ್ಟಿಯಲ್ಲಿ ನಡಿಗೆ, ಓಟ, ಸೈಕಲ್, ಈಜು, ಯೋಗ ಇರುತ್ತವೆ. ಇದು ಯಾವ ಖಾನೆಗೂ ಸೇರುವುದಿಲ್ಲ. ಕಳೆ ಕೀಳುವುದೂ, ನಾಟಿ ಹಾಕುವುದೂ ಸೇರುವುದಿಲ್ಲ. ದಿನವಿಡೀ ಗದ್ದೆಯಲ್ಲಿ ಬಗ್ಗಿದ್ದವರಿಗೆ ಸಂಜೆ ಅದು ‘ಸ್ವಲ್ಪ ಓಡಾಡಿ’ ಅಂತ ಉಪದೇಶ ಮಾಡಿದರೂ ಆಶ್ಚರ್ಯವಿಲ್ಲ! ಅಂದಹಾಗೆ, ದಿನಕ್ಕೆ 10,000 ಹೆಜ್ಜೆ ಅನ್ನುವ ಗುರಿ ಯಾವ ವೈದ್ಯಕೀಯ ಅಧ್ಯಯನದಿಂದಲೂ ಬಂದದ್ದಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ತನ್ನ ಹೆಜ್ಜೆ ಎಣಿಸುವ ಯಂತ್ರಕ್ಕೆ ಇಟ್ಟ ಹೆಸರಿನಿಂದ ಹುಟ್ಟಿದ್ದು.

ಮುಟ್ಟದೆಯೇ ಕೈಸನ್ನೆಗೆ ಸ್ಪಂದಿಸುವ ಪ್ರಯತ್ನವೂ ಆಗಿದೆ. 2019ರ ಪಿಕ್ಸೆಲ್ 4 ಫೋನಿನಲ್ಲಿ ಗೂಗಲ್ ಸಣ್ಣ ರಾಡಾರ್ ಇಟ್ಟಿತ್ತು. ಅದು 60 ಗಿಗಾಹರ್ಟ್ಸ್ ತರಂಗ ಬಳಸುತ್ತಿತ್ತು, ನಮ್ಮಲ್ಲಿ ಅದಕ್ಕೆ ಅನುಮತಿ ಇರಲಿಲ್ಲ, ಆ ಫೋನ್ ಭಾರತಕ್ಕೆ ಬರಲೇ ಇಲ್ಲ. ಮುಂದಿನ ವರ್ಷದ ಮಾದರಿಯಲ್ಲಿ ರಾಡಾರನ್ನೇ ಕೈಬಿಟ್ಟರು. ಅಂಟುಗೈಯವರಿಗೆ ಉಪಯೋಗಕ್ಕೆ ಬರಬಹುದಾಗಿದ್ದ ತಂತ್ರ ಅವರ ಊರಿಗೆ ಬರುವ ಮೊದಲೇ ಮುಗಿದುಹೋಯಿತು.

ಹಾಗಾದರೆ ಮಾತಾಡಿ ಕೆಲಸ ಮಾಡಿಸಬಹುದಲ್ಲ? ನನಗೆ ಅತಿ ಹೆಚ್ಚು ಭರವಸೆ ಇರುವುದೂ, ಅತಿ ಹೆಚ್ಚು ಸಿಟ್ಟು ಬರುವುದೂ ಇಲ್ಲೇ. ಗೂಗಲ್ ಕೀಬೋರ್ಡಿಗೆ ಕನ್ನಡದ ಧ್ವನಿ ಟೈಪಿಂಗ್ ಬಂದದ್ದು 2017ರ ಆಗಸ್ಟ್‌ನಲ್ಲಿ. ಟಿವಿ ವಾರ್ತೆಯ ಕನ್ನಡದಲ್ಲಿ ಮಾತಾಡಿದರೆ ಈಗ ಚೆನ್ನಾಗಿಯೇ ಬರೆಯುತ್ತದೆ. ಮಂಡ್ಯದವರೊಬ್ಬರು ‘ಡೈರಿಗೆ ಆಲಾಕ್ಬುಟ್ ಬತ್ತೀನಿ’ ಅಂದರೆ ಅದಕ್ಕೆ ತಲೆ ಕೆಡುತ್ತದೆ. ಮಾತು ಗುರುತಿಸುವ ಯಂತ್ರ ಕಲಿಯುವುದು ಕೇಳಿದ್ದರಿಂದ. ಬರೆದದ್ದನ್ನು ಸ್ಟುಡಿಯೋದಲ್ಲಿ ಕೂತು ನಿಧಾನವಾಗಿ ಓದಿದ ದನಿಗಳನ್ನೇ ಅದಕ್ಕೆ ಕೇಳಿಸಿದರೆ, ಪದಗಳು ಒಂದಕ್ಕೊಂದು ಅಂಟಿಕೊಂಡು ಓಡುವ ಮಾತು, ಹಿಂದೆ ಬಸ್ಸಿನ ಹಾರ್ನ್, ನಡುವೆ ಎರಡು ಇಂಗ್ಲಿಷ್ ಪದ, ಇದೆಲ್ಲ ಅದಕ್ಕೆ ಅರ್ಥವಾಗುವುದು ಹೇಗೆ?

ಮೈಸೂರಿಗೆ ಈ ವಿಷಯದಲ್ಲಿ ನೇರ ಸಂಬಂಧ ಇದೆ. 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನ ಇರುವುದು ಇಲ್ಲಿಯ ಮಾನಸಗಂಗೋತ್ರಿಯಲ್ಲಿ. ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳ ಬರಹ ಮತ್ತು ಮಾತಿನ ಮಾದರಿಗಳನ್ನು ಕಲೆಹಾಕುವ ಯೋಜನೆ ಅಲ್ಲಿಂದಲೇ ನಡೆದಿದೆ. ಕೇಂದ್ರ ಸರ್ಕಾರ 2022ರಲ್ಲಿ ನಮ್ಮ ಭಾಷೆಗಳ ನಡುವೆ ಅನುವಾದ ಮಾಡುವ ಭಾಷಿಣಿ ವ್ಯವಸ್ಥೆ ಶುರು ಮಾಡಿತು, ಅದರಲ್ಲಿ ಯಾರು ಬೇಕಾದರೂ ತಮ್ಮ ದನಿ ದಾನ ಮಾಡಬಹುದು. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ 2024ರಲ್ಲಿ 22 ಭಾಷೆಗಳ 7,000 ಗಂಟೆಗೂ ಜಾಸ್ತಿ ಮಾತನ್ನು ಬಿಡುಗಡೆ ಮಾಡಿತು. ಅದರಲ್ಲಿ ಓದಿದ್ದು ಕಡಿಮೆ, ಜನ ತಾವಾಗಿ ಆಡಿದ ಮಾತೇ ಬಹುಪಾಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಗೂಗಲ್ ಜೊತೆ ನಡೆಸುತ್ತಿರುವ ವಾಣಿ ಯೋಜನೆ ಜಿಲ್ಲೆ ಜಿಲ್ಲೆಗೂ ಹೋಗಿ ಮಾತು ಸಂಗ್ರಹಿಸುತ್ತದೆ. ಸರಿಯಾದ ದಾರಿ ಇದು. ‘ಕನ್ನಡ’ ಅಂತ ಒಂದು ಖಾನೆ ಮಾಡಿ ಟಿಕ್ ಹಾಕಿದರೆ ಸಾಲದು, ಮಳವಳ್ಳಿಯ ಮಾತೂ ಕಾರವಾರದ ಮಾತೂ ಅದರೊಳಗೆ ಬರಬೇಕು.

ಇನ್ನೊಂದು ತೊಡಕು ಕಾಯುವುದರಲ್ಲಿದೆ. ಮಾತಿನ ನಡುವೆ ಸ್ವಲ್ಪ ನಿಲ್ಲಿಸಿದರೆ ಸಾಕು, ಫೋನ್ ಮಾತು ಮುಗಿಯಿತು ಅಂತ ಕೇಳುವುದನ್ನೇ ನಿಲ್ಲಿಸಿಬಿಡುತ್ತದೆ. ಉಗ್ಗು ಇರುವವರಿಗೆ, ಪಾರ್ಶ್ವವಾಯು ಆಗಿ ನಾಲಿಗೆ ತೊದಲುವವರಿಗೆ, ಸುಮ್ನೆ ನಿಧಾನವಾಗಿ ಮಾತಾಡುವ ಅಜ್ಜಿಗೆ ಇದು ಅವಮಾನವೇ. ಇಂಥವರ ಮಾತು ತಿದ್ದುವ, ಅಳೆಯುವ ಕೆಲಸವನ್ನು ಮೈಸೂರಿನ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಮಾಡುತ್ತಾ ಬಂದಿದೆ. ಆ ಅನುಭವ ಫೋನ್ ಮಾಡುವವರ ಕಿವಿಗೆ ಬೀಳಬೇಕು. ಆ್ಯಪಲ್ 2022ರ ಐಒಎಸ್ 16ರಲ್ಲಿ, ಐಫೋನಿನಲ್ಲಿ ನಮ್ಮ ಮಾತು ಕೇಳಿ ಕೆಲಸ ಮಾಡುವ ‘ಸಿರಿ’ ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನು ಹೆಚ್ಚಿಸಿಕೊಳ್ಳುವ ಆಯ್ಕೆ ಕೊಟ್ಟಿತು. ವೇಗವನ್ನು ಕಡಿಮೆ ಮಾಡಿದ್ದರಿಂದ ಸ್ಪಂದನೆ ಜಾಸ್ತಿಯಾದ ಉದಾಹರಣೆ ಇದು. ಕೈ ನಡುಗುವವರಿಗಾಗಿ ಒಂದೇ ಕಡೆ ಮತ್ತೆ ಮತ್ತೆ ತಾಗಿದ ಒತ್ತನ್ನು ಲೆಕ್ಕಕ್ಕೆ ಹಿಡಿಯದಿರುವ ಆಯ್ಕೆಯೂ ಹಲವು ಫೋನುಗಳಲ್ಲಿದೆ.

ಬಳಸುವವರ ಅಭ್ಯಾಸ ಊಹಿಸಿ ತಾನಾಗಿ ನಡೆದುಕೊಳ್ಳುವ ಫೋನುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2018ರ ಆಂಡ್ರಾಯ್ಡ್ 9ರಿಂದ ಬ್ಯಾಟರಿ ಉಳಿಸುವುದು, ಸ್ಕ್ರೀನಿನ ಬೆಳಕು ಹೊಂದಿಸುವುದು ಎರಡನ್ನೂ ಫೋನ್ ನಮ್ಮನ್ನು ನೋಡಿ ಕಲಿಯುತ್ತದೆ. ಅದು ಒಳ್ಳೆಯದೇ. ಆದರೆ ಮಾರುವವರ ಲಾಭಕ್ಕೆ ಹದಿನೈದು ಸಲ ಟಿಂಗ್ ಅನ್ನುವ ಫೋನ್ ಸ್ಪಂದಿಸುತ್ತಿರುವುದು ನಮಗಲ್ಲ. 2022ರ ಆಂಡ್ರಾಯ್ಡ್ 13 ಬರುವ ತನಕ ಆ್ಯಪ್‌ಗಳು ಅಧಿಸೂಚನೆ ಕಳಿಸೋಕೆ ನಮ್ಮ ಅಪ್ಪಣೆಯನ್ನೂ ಕೇಳಬೇಕಿರಲಿಲ್ಲ.

ಕಂಪನಿಗಳು ತಾವಾಗಿ ಮಾಡುತ್ತವೆ ಅಂತ ಕಾದರೆ ಗ್ಲೌಸ್‌ನವರ ಕೆಲಸ ಮೊದಲು ಆಗುತ್ತದೆ. ನಿಯಮ ಬಂದರೆ ಬೇರೆ ಮಾತು. ಐಎಸ್ 16333 ಅನ್ನುವ ಭಾರತೀಯ ಮಾನಕದ ಮೂರನೇ ಭಾಗದಿಂದಾಗಿ ಇಲ್ಲಿ ಮಾರುವ ಫೋನುಗಳಲ್ಲಿ 22 ಭಾಷೆಗಳ ಸಂದೇಶ ಓದಲು ಬರಲೇಬೇಕು, ಇಂಗ್ಲಿಷ್, ಹಿಂದಿ ಬಿಟ್ಟು ಇನ್ನೊಂದಾದರೂ ಭಾರತೀಯ ಭಾಷೆಯಲ್ಲಿ ಬರೆಯಲು ಆಗಬೇಕು. ತುರ್ತು ಸಹಾಯಕ್ಕೆ ಪವರ್ ಗುಂಡಿಯನ್ನು ಮೂರು ಸಲ ಬೇಗ ಬೇಗ ಒತ್ತಿದರೆ ಕರೆ ಹೋಗುವ ವ್ಯವಸ್ಥೆಯೂ 2016ರ ಸರ್ಕಾರಿ ನಿಯಮದಿಂದಲೇ ಬಂತು. ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9 ಒತ್ತಿ ಹಿಡಿಯಬೇಕು. ಒದ್ದೆ ಕೈಯಾದರೂ, ಜಡ್ಡಿನ ಕೈಯಾದರೂ ನಿಜವಾದ ಗುಂಡಿ ಕೇಳುತ್ತದೆ. ಒಣ ಬೆರಳು, ಒದ್ದೆ ಬೆರಳಿಗೆ ಸ್ಕ್ರೀನ್ ಇಷ್ಟರ ಮಟ್ಟಿಗಾದರೂ ಸ್ಪಂದಿಸಬೇಕು, ಕಪ್ಪು ಚರ್ಮದ ಮೇಲೆ ನಾಡಿಯ ಲೆಕ್ಕ ಇಷ್ಟಕ್ಕಿಂತ ತಪ್ಪಬಾರದು, ಪರೀಕ್ಷೆಯ ಫಲಿತಾಂಶವನ್ನು ಡಬ್ಬಿಯ ಮೇಲೆ ಅಚ್ಚು ಹಾಕಬೇಕು ಅಂತ ಕೇಳುವುದರಲ್ಲಿ ತಪ್ಪೇನಿದೆ? ಫ್ರಿಜ್ ಮೇಲೆ ಕರೆಂಟಿನ ನಕ್ಷತ್ರ ಹಾಕಿಸಿದ ದೇಶ ತಾನೇ ನಮ್ಮದು.

ಅಲ್ಲಿಯವರೆಗೆ ಫೋನ್ ಕೊಳ್ಳೋಕೆ ಹೋದಾಗ ಅಂಗಡಿಯವರು ವಿಡಿಯೋ ತೋರಿಸಿದರೆ ನೋಡಿ, ಬೇಡ ಅನ್ನಬೇಡಿ. ಆಮೇಲೆ ಒಂದು ಲೋಟ ನೀರು ಕೇಳಿ. ಬೆರಳು ಅದ್ದಿ ನಂಬರ್ ಒತ್ತಿ ನೋಡಿ. ಮನೆಯಲ್ಲಿ ಹೊಲದ ಕೆಲಸ ಮಾಡುವವರಿಗೆ ಕೊಳ್ಳುವುದಾದರೆ ಅವರನ್ನೇ ಕರೆದುಕೊಂಡು ಹೋಗಿ, ಅವರ ಬೆರಳಿನಲ್ಲೇ ಕರೆ ಎಳೆಸಿ. ಧ್ವನಿ ಟೈಪಿಂಗ್ ತೆರೆದು ಮನೆಯಲ್ಲಿ ಆಡುವ ಹಾಗೆಯೇ ನಾಲ್ಕು ಮಾತಾಡಿಸಿ. ಸೆಟ್ಟಿಂಗ್ಸ್‌ನಲ್ಲಿ ಟಚ್ ಸೆನ್ಸಿಟಿವಿಟಿ ಇದೆಯಾ ಅಂತ ಹುಡುಕಿಸಿ. ಇಲ್ಲದಿದ್ದರೆ ಅದೇ ಬೆಲೆಗೆ ಬೇರೆ ಯಾವುದರಲ್ಲಿದೆ ಅಂತ ಕೇಳಿ. ಅಂಗಡಿಯವರಿಗೆ ಈ ಪ್ರಶ್ನೆ ದಿನಾ ನಾಲ್ಕು ಜನರಿಂದ ಬಂದರೆ ಕಂಪನಿಯ ಏಜೆಂಟ್ ಬಂದಾಗ ಅವರೇ ಅದನ್ನು ಮೇಲಕ್ಕೆ ದಾಟಿಸುತ್ತಾರೆ.